ಭಾನುವಾರದ ಆರಾಮ್ ರೈಡ್: ಕೆಂಗೇರಿ, ಮಂಚನಬೆಲೆ, ಬಿಡದಿ ಸುತ್ತು. ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ನಮ್ಮ ಸೈಕಲ್ ಗುಂಪು ಕೆಂಗೇರಿಯಿಂದ ಹೊರಟು ದೊಡ್ಡ ಆಲದ ಮರ, ಮಂಚನಬೆಲೆ ಡ್ಯಾಮ್, ಬಿಡದಿ ಸುತ್ತಿಕೊಂಡು ಊಟದ ಹೊತ್ತಿಗೆ ವಾಪಸ್ ಬರುತ್ತದೆ. ಪ್ರತಿ ಸಲ ನಾಲ್ಕೈದು ಜನ ಹೊಸಬರು ಸೇರಿಕೊಳ್ಳುತ್ತಾರೆ. ಬರುವ ಮುಂಚೆ ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಆರಾಮ್ ಅಂದರೆ ನಿಜವಾಗಿ ಎಷ್ಟು ಆರಾಮ್?

ಒಟ್ಟು ದೂರ 60 ಕಿ.ಮೀ. ಹತ್ತಿರ. ಬೆಳಿಗ್ಗೆ 6.15ಕ್ಕೆ ಹೊರಟರೆ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಕೆಂಗೇರಿಗೆ ಮರಳುತ್ತೇವೆ. ಅಂದರೆ ಹೆಚ್ಚು ಕಡಿಮೆ ಏಳು ಗಂಟೆ. ಅದರಲ್ಲಿ ಪೆಡಲ್ ತುಳಿಯುವುದು ನಾಲ್ಕೂವರೆ ಗಂಟೆ, ಉಳಿದದ್ದು ಕೂರುವುದು, ತಿನ್ನುವುದು, ಮಾತು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15ರಿಂದ 18 ಕಿ.ಮೀ. ಹೋಗುತ್ತೇವೆ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು. ಮಾತಾಡಲು ಏದುಸಿರು ಬಂದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ, ಮುಂದಿರುವವರಿಗೆ ಕೂಗಿ ಹೇಳಿ.

ಗಡಿಯಾರ ನೋಡಿ ಓಡಿಸುವ ರೈಡ್‌ಗಳೂ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಬ್ರೆವೆ ಅನ್ನುವ ದೂರದ ರೈಡ್‌ಗಳಿವೆ, 200 ಕಿ.ಮೀ. ಬ್ರೆವೆಯನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ಅದರ ಖುಷಿಯೇ ಬೇರೆ. ನಮ್ಮಲ್ಲೂ ಕೆಲವರು ಅದಕ್ಕೆ ಹೋಗುತ್ತಾರೆ. ಆದರೆ ಈ ಭಾನುವಾರ ಅವರೂ ಇದೇ ನಿಧಾನಕ್ಕೆ ಬರಬೇಕು.

ನಾನು ಹಿಂದೆ ಉಳಿದುಬಿಟ್ಟರೆ?

ಎಲ್ಲರ ಮನಸ್ಸಿನಲ್ಲೂ ಇರುವ ನಿಜವಾದ ಪ್ರಶ್ನೆ ಇದು. ಬಹಳ ಜನ ಕೇಳುವುದಿಲ್ಲ, ಸುಮ್ನೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ನಾನು ಮೊದಲ ಸಲ ಬೇರೊಂದು ಗುಂಪಿನ ಜೊತೆ ಇದೇ ದಾರಿಗೆ ಬಂದೆ. ರಾಮೋಹಳ್ಳಿ ದಾಟಿದ ಮೇಲೆ ನನ್ನ ಚೈನ್ ಬಿತ್ತು. ಕೈಯೆಲ್ಲ ಕಪ್ಪು ಮಾಡಿಕೊಂಡು ಅದನ್ನು ಹಾಕಿ ತಲೆ ಎತ್ತಿದರೆ ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ದಾರಿ ಗೊತ್ತಿಲ್ಲ. ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ, ಎಲ್ಲರ ಫೋನೂ ಬ್ಯಾಗಿನಲ್ಲಿ. ಒಂದು ಗಂಟೆ ಅಲ್ಲಿ ಇಲ್ಲಿ ಅಲೆದೆ. ಕೊನೆಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಒಬ್ಬ ಯಜಮಾನರು ಮೈಸೂರು ರಸ್ತೆಯವರೆಗೆ ದಾರಿ ತೋರಿಸಿದರು. ಮನೆಗೆ ಬಂದು ಸೈಕಲ್ಲನ್ನು ಮೂಲೆಗೆ ಒರಗಿಸಿದವನು ಎಂಟು ತಿಂಗಳು ಮುಟ್ಟಲಿಲ್ಲ. ಕಾಲು ನೋವಿನಿಂದಲ್ಲ. ಇದು ನನ್ನಂಥವರಿಗಲ್ಲ ಅನ್ನಿಸಿಬಿಟ್ಟಿತ್ತು, ಅದಕ್ಕೆ.

ಹಾಗಾಗಿ ನಮ್ಮಲ್ಲಿ ಮೂರು ನಿಯಮ ಇವೆ, ಇವನ್ನು ಯಾರೂ ಮುರಿಯುವಂತಿಲ್ಲ. ಒಂದು, ಗುಂಪಿನ ಕೊನೆಯಲ್ಲಿ ಯಾವಾಗಲೂ ದಾರಿ ಗೊತ್ತಿರುವ ಇಬ್ಬರು ಇರುತ್ತಾರೆ. ಸ್ವೀಪ್ ಅಂತ ಕರೆಯುತ್ತೇವೆ. ಅವರಿಗಿಂತ ಹಿಂದೆ ಯಾರೂ ಇರುವಂತಿಲ್ಲ, ನೀವು ನಿಂತರೆ ಅವರೂ ನಿಲ್ಲುತ್ತಾರೆ. ಎರಡು, ಪ್ರತಿ ತಿರುವಿನಲ್ಲೂ ಒಬ್ಬರು ಕಾದು ನಿಲ್ಲುತ್ತಾರೆ, ಸ್ವೀಪ್ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗುಂಪು ಎಲ್ಲಾದರೂ ನಿಂತರೆ, ಮತ್ತೆ ಯಾವಾಗ ಹೊರಡಬೇಕು ಅಂತ ಹೇಳುವವರು ಕೊನೆಗೆ ಬಂದವರು. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಲ್ವಾ? ವೇಗದವರು ಮೊದಲೇ ಬಂದು ಇಪ್ಪತ್ತು ನಿಮಿಷ ಸುಧಾರಿಸಿಕೊಂಡಿರುತ್ತಾರೆ, ಕೊನೆಯವರು ಬಂದು ಕಾಲು ಕೆಳಗಿಡುವ ಹೊತ್ತಿಗೆ ‘ಸರಿ, ಹೊರಡೋಣ’ ಅನ್ನುತ್ತಾರೆ. ಅತಿ ಜಾಸ್ತಿ ದಣಿದವರಿಗೇ ಅತಿ ಕಡಿಮೆ ವಿಶ್ರಾಂತಿ. ಇದು ತಪ್ಪು. ನಮ್ಮಲ್ಲಿ ಕೊನೆಗೆ ಬಂದವರು ಕೂತು, ನೀರು ಕುಡಿದು, ಬಾಳೆಹಣ್ಣು ತಿಂದು, ‘ಹೋಗೋಣ’ ಅಂದ ಮೇಲೆ ಎಲ್ಲರೂ ಏಳುತ್ತೇವೆ.

ದಾರಿ ಯಾವುದು? ಏರು ಜಾಸ್ತಿ ಇದೆಯಾ?

ಸೇರುವ ಜಾಗ ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೊ ನಿಲ್ದಾಣದ ಕೆಳಗೆ. ಅಲ್ಲಿಂದ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನವರೆಗೆ ಹೋಗಿ ಬಲಕ್ಕೆ ರಾಮೋಹಳ್ಳಿ ಕಡೆ ತಿರುಗುತ್ತೇವೆ. ಈ ಮೊದಲ ತುಂಡು ಅಷ್ಟು ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಲಾರಿ, ಬಸ್ಸು, ಜೊತೆಗೆ ವೃಷಭಾವತಿಯ ವಾಸನೆ. ಬಸವನಗುಡಿ ಕಡೆ ಹುಟ್ಟುವ ನದಿಯನ್ನು ಊರಿನ ಕೊಳಚೆಯೆಲ್ಲ ಬಿಟ್ಟು ಕೆಂಗೇರಿ ಮೋರಿ ಅನ್ನುವ ಹಾಗೆ ಮಾಡಿದ್ದೇವೆ. ಪ್ರತಿ ಸಲ ಅಲ್ಲಿ ದಾಟುವಾಗ ನನಗೆ ಬೇಜಾರಾಗುತ್ತದೆ.

ರಾಮೋಹಳ್ಳಿ ಕಡೆ ತಿರುಗಿದ ಮೇಲೆ ಸದ್ದು ಕಡಿಮೆಯಾಗುತ್ತದೆ. ಕೇತೋಹಳ್ಳಿಯ ದೊಡ್ಡ ಆಲದ ಮರ ನಮ್ಮ ಮೊದಲ ನಿಲ್ದಾಣ. ಸುಮಾರು 400 ವರ್ಷದ ಮರ, ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗ ಬಂದು 2000ದ ಸುಮಾರಿಗೆ ಸತ್ತುಹೋಯಿತು. ಈಗ ಬಿಳಲುಗಳೇ ನೆಲಕ್ಕೆ ಇಳಿದು ಕಾಂಡವಾಗಿ ಇಡೀ ಮರವನ್ನು ಹೊತ್ತು ನಿಂತಿವೆ. ಸೈಕಲ್ ಒರಗಿಸಿ ಒಳಗೊಂದು ಸುತ್ತು ನಡೆದು ಬನ್ನಿ, ಕಾಲಿಗೂ ಒಳ್ಳೆಯದು. ಕೋತಿಗಳಿವೆ. ತಿಂಡಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಡಿ, ಹ್ಯಾಂಡಲ್‌ಗೆ ಕವರ್ ನೇತುಹಾಕಿ ಹೋಗಲೂ ಬೇಡಿ.

ಅಲ್ಲಿಂದ ಮಂಚನಬೆಲೆಗೆ ಸುಮಾರು 12 ಕಿ.ಮೀ. ಈ ರೈಡ್‌ನ ಜೀವ ಇರುವುದೇ ಇಲ್ಲಿ. ರಾಗಿ ಹೊಲ, ಮಾವಿನ ತೋಪು, ದೊಡ್ಡ ದೊಡ್ಡ ಬಂಡೆ, ದೂರಕ್ಕೆ 1,226 ಮೀಟರ್ ಎತ್ತರದ ಸಾವನದುರ್ಗ. ಡ್ಯಾಮ್ ಕಟ್ಟಿರುವುದು ಅರ್ಕಾವತಿಗೆ. ನಂದಿ ಬೆಟ್ಟದಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿ ದಾಟಿ, ಇಲ್ಲಿಗೆ ಬಂದು, ಮುಂದೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ನದಿ ಕಣಿವೆ ಅದಕ್ಕಿಂತ ತಗ್ಗು. ಆದ್ದರಿಂದ ಹೋಗುವಾಗ ಇಳಿಜಾರು ಜಾಸ್ತಿ, ಬರುವಾಗ ಏರು ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ. ಡ್ಯಾಮ್ ಹತ್ತಿರ ‘ಅಯ್ಯೋ, ಇಷ್ಟೇನಾ’ ಅನ್ನಿಸುತ್ತದೆ, ಆ ಹುರುಪಿನಲ್ಲಿ ಇರುವ ಶಕ್ತಿಯೆಲ್ಲ ಅಲ್ಲೇ ಖರ್ಚು ಮಾಡಬೇಡಿ. ಏರಿನಲ್ಲಿ ಇಳಿದು ತಳ್ಳುವುದು ಅವಮಾನ ಅಲ್ಲ. ಅರ್ಧಕ್ಕರ್ಧ ಜನ ತಳ್ಳುತ್ತಾರೆ.

ಮಂಚನಬೆಲೆಯಿಂದ ಬಿಡದಿಗೆ ಸುಮಾರು 15 ಕಿ.ಮೀ. ಅಲ್ಲಿ ತಟ್ಟೆ ಇಡ್ಲಿ. ಆಮೇಲೆ ಮೈಸೂರು ರಸ್ತೆ ಹಿಡಿದು ಕೆಂಗೇರಿ.

ಬಿಡದಿಯಿಂದ ಎಕ್ಸ್‌ಪ್ರೆಸ್ ವೇ ಮೇಲೆ ಬೇಗ ಬರಬಹುದಲ್ವಾ?

ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಆರು ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆ ಮೋಟಾರ್ ಇಲ್ಲದ ಗಾಡಿಗಳಿಗೂ ನಿಷೇಧ. ಸೈಕಲ್ಲೂ ಅದರಲ್ಲೇ ಬರುತ್ತದೆ. ಪೂರ್ತಿ ಸರ್ವಿಸ್ ರಸ್ತೆಯಲ್ಲೇ ಬರುತ್ತೇವೆ. ಅಲ್ಲಿ ಎದುರು ದಿಕ್ಕಿನಿಂದಲೂ ಬೈಕ್ ಬರುತ್ತವೆ, ಎಡಬದಿಗೆ ಅಂಟಿಕೊಂಡೇ ಬನ್ನಿ.

ನನ್ನದು ಗೇರ್ ಇಲ್ಲದ ಹಳೇ ಸೈಕಲ್. ಬರಬಹುದಾ?

ಬನ್ನಿ. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಅಪ್ಪನ ಕಾಲದ ಕಪ್ಪು ಸೈಕಲ್ಲಿನಲ್ಲೇ ಈ ಸುತ್ತನ್ನು ಎಷ್ಟೋ ಸಲ ಮುಗಿಸಿದ್ದಾರೆ. ಏರಿನಲ್ಲಿ ಇಳಿದು ನಡೆಯುತ್ತಾರೆ, ಮೇಲೆ ಬಂದು ಹತ್ತುತ್ತಾರೆ, ಅಷ್ಟೇ. ಹೊಸದಾಗಿ ಕೊಳ್ಳುವವರಾದರೆ ಗೇರ್ ಇರುವ ಹೈಬ್ರಿಡ್, ಅಂದರೆ ರೋಡ್ ಬೈಕ್‌ಗೂ ಮೌಂಟನ್ ಬೈಕ್‌ಗೂ ನಡುವಿನ ಸೈಕಲ್, ಈ ರಸ್ತೆಗೆ ಸರಿಯಾಗಿ ಹೊಂದುತ್ತದೆ. ಎಂಟಿಬಿ (ಮೌಂಟನ್ ಬೈಕ್) ಆದರೂ ಪರವಾಗಿಲ್ಲ, ಟೈರು ದಪ್ಪ ಇರುವುದರಿಂದ ಸ್ವಲ್ಪ ಜಾಸ್ತಿ ತುಳಿಯಬೇಕು. ತೆಳು ಟೈರಿನ ರೋಡ್ ಬೈಕ್‌ನವರು ಡ್ಯಾಮ್ ಹತ್ತಿರದ ಒಡೆದ ರಸ್ತೆಯಲ್ಲಿ ನಿಧಾನಕ್ಕೆ ಹೋಗಬೇಕು.

ಸೈಕಲ್ಲೇ ಇಲ್ಲದಿದ್ದರೆ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಶನಿವಾರ ಸಂಜೆಯೇ ತಂದು ಮನೆ ಸುತ್ತಮುತ್ತ ಎರಡು ಸುತ್ತು ಹೊಡೆದು ನೋಡಿ. ಭಾನುವಾರ ಬೆಳಿಗ್ಗೆ ಕತ್ತಲಲ್ಲಿ ಮೊದಲ ಸಲ ಹತ್ತುವುದು ಬೇಡ.

ಕೆಂಗೇರಿಗೆ ಮೆಟ್ರೊದಲ್ಲಿ ಸೈಕಲ್ ತರಬಹುದಾ?

ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶ ಇದೆ. ಆದರೆ ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ನಮ್ಮ ಸಮಯಕ್ಕೆ ಅದು ಆಗುವುದಿಲ್ಲ. ದೂರದವರು ಇಬ್ಬರು ಮೂವರು ಸೇರಿ ಲಗೇಜ್ ಆಟೊ ಮಾಡಿಕೊಂಡು ಬರುತ್ತಾರೆ.

ಬರುವ ಮುಂಚೆ ಸೈಕಲ್ಲಿನಲ್ಲಿ ಏನೇನು ನೋಡಬೇಕು?

ಮೊದಲು ಸೀಟಿನ ಎತ್ತರ. ಹೊಸಬರಲ್ಲಿ ಹತ್ತರಲ್ಲಿ ಏಳು ಜನರ ಸೀಟು ತಗ್ಗಿರುತ್ತದೆ, ಮಂಡಿ ನೋವಿಗೆ ಅದೇ ಕಾರಣ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೇರ ಆಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲೆ ಬರುತ್ತದೆ, ಆಗ ಮಂಡಿ ಸ್ವಲ್ಪ ಬಾಗಿರುತ್ತದೆ. ಅದು ಸರಿಯಾದ ಎತ್ತರ.

ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಎಂಟಿಬಿಗೆ 40 ಪಿಎಸ್‌ಐ ಆಸುಪಾಸು, ಹೈಬ್ರಿಡ್‌ಗೆ 60ರ ಸುಮಾರು, ರೋಡ್ ಬೈಕ್‌ಗೆ ಅದಕ್ಕಿಂತ ಜಾಸ್ತಿ. ನಿಮ್ಮದು ಮೋಟಾರ್ ಬೈಕಿನಂಥ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸಬಹುದು. ತೆಳು ಕಡ್ಡಿಯಂಥ ಪ್ರೆಸ್ಟಾ ವಾಲ್ವ್ ಆದರೆ ಅದಕ್ಕೆ ತಕ್ಕ ಪಂಪು ಬೇಕು. ಎರಡೂ ಬ್ರೇಕ್ ಒತ್ತಿ ನೋಡಿ, ಹಿಡಿ ಹ್ಯಾಂಡಲ್‌ಗೆ ತಗುಲುವಷ್ಟು ಸಡಿಲ ಇದ್ದರೆ ಅಂಗಡಿಗೆ ಹೋಗಿ. ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ಜಾಸ್ತಿಯಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ, ಜೊತೆಗೆ ಮಂಜು.

ಹೆಲ್ಮೆಟ್ ಕಡ್ಡಾಯವಾ?

ಹೌದು. ಕಾನೂನು ಮೋಟಾರ್ ಇರುವ ಎರಡು ಚಕ್ರದ ಗಾಡಿಗೆ ಮಾತ್ರ ಕೇಳುತ್ತದೆ, ನಾವು ಸೈಕಲ್ಲಿಗೂ ಕೇಳುತ್ತೇವೆ. ಇಲ್ಲದೆ ಬಂದವರನ್ನು ಕರೆದುಕೊಂಡು ಹೋಗುವುದಿಲ್ಲ. ಇದರಲ್ಲಿ ಮಾತಿಲ್ಲ.

ಗುಂಪಿನಲ್ಲಿ ಓಡಿಸಿ ಅಭ್ಯಾಸ ಇಲ್ಲ. ಏನು ಗೊತ್ತಿರಬೇಕು?

ಮುಂದಿನ ಸೈಕಲ್ಲಿಗೂ ನಿಮಗೂ ಕನಿಷ್ಠ ಎರಡು ಸೈಕಲ್ ಉದ್ದದ ಅಂತರ ಬಿಡಿ. ದಿಢೀರ್ ಬ್ರೇಕ್ ಹಾಕಬೇಡಿ, ದಿಢೀರ್ ಪಕ್ಕಕ್ಕೆ ಎಳೆಯಬೇಡಿ. ನಿಲ್ಲಬೇಕಾದರೆ ‘ನಿಲ್ತಿದೀನಿ’ ಅಂತ ಕೂಗಿ, ರಸ್ತೆ ಬಿಟ್ಟು ಎಡಕ್ಕೆ ಇಳಿದು ನಿಲ್ಲಿ. ಮುಂದಿನವರು ‘ಗುಂಡಿ!’, ‘ಹಂಪ್!’, ‘ಮಣ್ಣು!’ ಅಂತ ಕೂಗಿ ಕೈ ತೋರಿಸುತ್ತಾರೆ, ಅದನ್ನು ನಿಮ್ಮ ಹಿಂದಿನವರಿಗೆ ನೀವು ಕೂಗಿ ದಾಟಿಸಬೇಕು. ಹಿಂದಿನಿಂದ ಗಾಡಿ ಬಂದರೆ ಕೊನೆಯವರು ‘ಗಾಡಿ!’ ಅನ್ನುತ್ತಾರೆ, ಆ ಕೂಗು ಮುಂದಕ್ಕೆ ಹೋಗಬೇಕು, ಅಕ್ಕಪಕ್ಕ ಹೋಗುತ್ತಿದ್ದವರು ಒಂದೇ ಸಾಲಿಗೆ ಬರಬೇಕು. ಮೊದಲ ಹತ್ತು ನಿಮಿಷ ಕೂಗಲು ನಾಚಿಕೆ ಆಗುತ್ತದೆ, ಆಮೇಲೆ ತಾನೇ ಬರುತ್ತದೆ. ಇಯರ್‌ಫೋನ್ ಬೇಡ, ಈ ಕೂಗು ಕಿವಿಗೆ ಬೀಳದಿದ್ದರೆ ನಿಮ್ಮ ಹಿಂದಿನವರಿಗೂ ಬೀಳುವುದಿಲ್ಲ.

ಡ್ಯಾಮ್‌ಗೆ ಇಳಿಯುವಾಗ ವೇಗ ತಾನಾಗಿ ಏರುತ್ತದೆ. ಸೀಟಿನಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಎರಡೂ ಬ್ರೇಕನ್ನು ಮೊದಲಿನಿಂದಲೇ ಒತ್ತುತ್ತಾ ಬಿಡುತ್ತಾ ಇಳಿಯಿರಿ. ತಿರುವಿನೊಳಗೆ ಹೋದ ಮೇಲೆ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಬೀಳುತ್ತೀರಿ. ವೇಗ ಕಡಿಮೆ ಮಾಡಬೇಕಾದ್ದು ತಿರುವಿಗೆ ಮುಂಚೆ.

ಪಂಕ್ಚರ್ ಆದರೆ?

ಎಲ್ಲರೂ ನಿಲ್ಲುತ್ತೇವೆ. ನಿಮ್ಮ ಟೈರಿನ ಅಳತೆಯ ಒಂದು ಹೊಸ ಟ್ಯೂಬ್ ತನ್ನಿ, ಅಷ್ಟು ಸಾಕು. ಪಂಪು, ಟೈರ್ ಬಿಚ್ಚುವ ಲಿವರ್, ಅಲೆನ್ ಕೀ, ಪ್ಯಾಚು ನಮ್ಮ ಹತ್ತಿರ ಇರುತ್ತವೆ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳು ಆಡಿಸಿ ನೋಡಬೇಕು, ಜಾಲಿ ಮುಳ್ಳು ಅಲ್ಲೇ ಕೂತಿದ್ದರೆ ಹೊಸ ಟ್ಯೂಬೂ ಐದು ನಿಮಿಷದಲ್ಲಿ ಹೋಗುತ್ತದೆ. ಮಾಡಲು ಬರದಿದ್ದರೆ ಅಲ್ಲೇ ಕಲಿಸುತ್ತೇವೆ.

ತಿಂಡಿ, ನೀರು?

ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಹೊರಡುವ ಮುಂಚೆ ಎರಡು ಬಾಳೆಹಣ್ಣೋ ಒಂದು ಚಪಾತಿಯೋ ತಿನ್ನಿ. ಆಲದ ಮರದ ಹತ್ತಿರ ಎಲ್ಲರೂ ತಂದದ್ದನ್ನು ಹಂಚಿಕೊಂಡು ತಿನ್ನುತ್ತೇವೆ. ನಿಪ್ಪಟ್ಟು, ಕಡಲೆ ಮಿಠಾಯಿ, ಅವರೆಕಾಯಿ ಕಾಲದಲ್ಲಿ ಅವರೆಕಾಳು ಉಪ್ಪಿಟ್ಟು. ಬಿಡದಿ ಸೇರುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ, ಅಲ್ಲಿಯವರೆಗೆ ಇಡ್ಲಿಗೆ ಅಂತ ಹೊಟ್ಟೆ ಖಾಲಿ ಇಟ್ಟುಕೊಂಡವರು ಡ್ಯಾಮ್ ನಂತರದ ಏರಿನಲ್ಲಿ ಕಣ್ಣು ಕತ್ತಲೆ ಬಂದು ಕೂತಿದ್ದನ್ನು ನೋಡಿದ್ದೇನೆ. ಹಸಿವಾದ ಮೇಲೆ ತಿನ್ನುವುದಲ್ಲ, ಹಸಿವಾಗುವ ಮುಂಚೆ ತಿನ್ನಬೇಕು.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ. ಎರಡು ಬಾಟಲಿ ತನ್ನಿ, ಬೇಸಿಗೆಯಲ್ಲಿ ಒಂದಕ್ಕೆ ಓಆರ್‌ಎಸ್ ಹಾಕಿಕೊಳ್ಳಿ. ಎಳನೀರು ಕಂಡಲ್ಲಿ ನಿಲ್ಲುತ್ತೇವೆ. ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಹಾಕಿಸಿಕೊಳ್ಳಬಹುದಾ ಅಂತಲೂ ಕೇಳುತ್ತಾರೆ. ಖಂಡಿತ ಹಾಕಿಸಿಕೊಳ್ಳಿ.

ನಾಯಿ ಅಟ್ಟಿಸಿಕೊಂಡು ಬಂದರೆ?

ವೇಗ ಹೆಚ್ಚಿಸಬೇಡಿ, ಓಡುವುದನ್ನು ಕಂಡರೆ ಅದು ಇನ್ನೂ ಓಡಿಸುತ್ತದೆ. ನಿಧಾನ ಮಾಡಿ, ಇಳಿಯಿರಿ, ನಿಮಗೂ ನಾಯಿಗೂ ನಡುವೆ ಸೈಕಲ್ ಇರಲಿ, ಗಟ್ಟಿ ದನಿಯಲ್ಲಿ ಗದರಿ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಒದೆಯಲು ಹೋಗಿ ಬಿದ್ದವರೇ ಜಾಸ್ತಿ. ಕಚ್ಚಿದರೆ, ಬರೀ ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ರೈಡ್ ಅಲ್ಲಿಗೆ ಬಿಟ್ಟು ಒಬ್ಬರು ನಿಮ್ಮ ಜೊತೆ ಬರುತ್ತಾರೆ. ಬಿದ್ದು ಪೆಟ್ಟು ಜೋರಾದರೆ 108ಕ್ಕೆ ಕರೆ ಮಾಡುತ್ತೇವೆ.

ಯಾವ ತಿಂಗಳು ಚೆನ್ನ? ಮಳೆ ಬಂದರೆ?

ನವೆಂಬರ್‌ನಿಂದ ಫೆಬ್ರವರಿ ಬಹಳ ಚೆನ್ನ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹೋಗುವಾಗ ಎದೆಗೆ ಹೊಡೆಯುತ್ತದೆ, ಬರುವಾಗ ಬೆನ್ನಿಗೆ ತಳ್ಳುತ್ತದೆ. ಏಪ್ರಿಲ್, ಮೇನಲ್ಲಿ ಅರ್ಧ ಗಂಟೆ ಮುಂಚೆ ಹೊರಡುತ್ತೇವೆ. ಸೋನೆ ಮಳೆಗೆ ರೈಡ್ ನಿಲ್ಲಿಸುವುದಿಲ್ಲ. ಗುಡುಗು ಮಿಂಚು ಇದ್ದರೆ ನಿಲ್ಲಿಸುತ್ತೇವೆ, ಮರದ ಕೆಳಗೆ ನಿಲ್ಲದೆ ಯಾವುದಾದರೂ ಕಟ್ಟಡ ಸೇರಿಕೊಳ್ಳುತ್ತೇವೆ.

ಸುಗ್ಗಿ ಕಾಲದಲ್ಲಿ ಇನ್ನೊಂದು ವಿಷಯ ಇದೆ. ರೈತರು ರಾಗಿ, ಹುರುಳಿಯನ್ನು ರಸ್ತೆ ಮೇಲೆ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಬಳ್ಳಿ ಗೇರಿನೊಳಗೆ ಸುತ್ತಿಕೊಂಡರೆ ಗೇರ್ ಮುರಿದೇ ಹೋಗಬಹುದು, ರಾಗಿ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಇಳಿದು, ಸೈಕಲ್ ಎತ್ತಿಕೊಂಡು ಪಕ್ಕದಿಂದ ದಾಟಿ. ಅವರ ಜೊತೆ ಜಗಳ ಬೇಡ. ಕಣ ಮಾಡಲು ಜಾಗವೇ ಉಳಿಯದಷ್ಟು ಲೇಔಟುಗಳು ಬಂದಿವೆ ಆ ಕಡೆ.

ಹೆಂಗಸರು ಬರುತ್ತಾರಾ? ಮಕ್ಕಳು? ವಯಸ್ಸಾದವರು?

ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಹೆಂಗಸರು, ಸ್ವೀಪ್ ಇಬ್ಬರಲ್ಲಿ ಒಬ್ಬರು ಹೆಂಗಸರೇ ಇರುವಂತೆ ನೋಡಿಕೊಳ್ಳುತ್ತೇವೆ. ಶೌಚಾಲಯದ ವಿಷಯ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ನಾನೇ ಹೇಳುತ್ತೇನೆ: ಹೊರಡುವ ಮುಂಚೆ ಮೈಸೂರು ರಸ್ತೆಯ ಬಂಕಿನಲ್ಲಿ, ಆಮೇಲೆ ಬಿಡದಿಯ ಹೋಟೆಲಿನಲ್ಲಿ. ನಡುವೆ ನಂಬಿಕೊಳ್ಳುವಂಥದ್ದು ಇಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ಇರುವವರಿದ್ದಾರೆ, ಹಾಗೆ ಮಾಡಬೇಡಿ, ಸ್ವೀಪ್‌ಗೆ ಹೇಳಿದರೆ ದಾರಿಯಲ್ಲಿ ಗೊತ್ತಿರುವ ಮನೆಗಳಿವೆ.

ಮಕ್ಕಳು 14 ದಾಟಿದ್ದರೆ ಅಪ್ಪ ಅಥವಾ ಅಮ್ಮನ ಜೊತೆ ಬರಬಹುದು. ವಯಸ್ಸಿಗೆ ಮೇಲ್ಮಿತಿ ಇಲ್ಲ. ಹೃದಯ, ಬಿಪಿ, ಸಕ್ಕರೆ ಇರುವವರು ಡಾಕ್ಟರ್ ಹತ್ತಿರ ಕೇಳಿಕೊಂಡು ಬನ್ನಿ, ನಮಗೂ ಒಂದು ಮಾತು ತಿಳಿಸಿ.

ಡ್ಯಾಮ್‌ನಲ್ಲಿ ಈಜಬಹುದಾ?

ಬೇಡ. ಕಾಲು ತೊಳೆಯಲೂ ಇಳಿಯುವುದು ಬೇಡ. ಮೇಲಿನಿಂದ ಶಾಂತವಾಗಿ ಕಾಣುವ ನೀರು ಅದು, ಅಂಚು ಒಮ್ಮೆಲೇ ಆಳಕ್ಕೆ ಹೋಗುತ್ತದೆ. ಅಲ್ಲಿ ಮುಳುಗಿ ಸತ್ತವರಲ್ಲಿ ಕಾಲೇಜು ಹುಡುಗರೇ ಜಾಸ್ತಿ. ದೂರದಿಂದ ನೋಡಿ, ಫೋಟೊ ತೆಗೆದುಕೊಳ್ಳಿ, ಚಿಪ್ಸ್ ಕವರ್ ಜೇಬಿನಲ್ಲಿ ವಾಪಸ್ ತನ್ನಿ.

ಕೂತು ಕೂತು ಹಿಂಭಾಗ ನೋಯುವುದಿಲ್ವಾ?

ಮೊದಲ ಎರಡು ಮೂರು ರೈಡ್ ನೋಯುತ್ತದೆ. ಸೀಟಿಗೆ ದಪ್ಪ ಮೆತ್ತೆ ಹಾಕಿದರೆ ಸರಿಹೋಗುವುದಿಲ್ಲ, ಉಜ್ಜಿ ಇನ್ನೂ ಕೆಡುತ್ತದೆ. ಪ್ಯಾಡ್ ಇರುವ ಶಾರ್ಟ್ಸ್ ತೆಗೆದುಕೊಳ್ಳಿ, ಒಳಗೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ಗಾಯ ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ನಾಲ್ಕು ಸಲ ತುಳಿಯಿರಿ.

ದುಡ್ಡು ಎಷ್ಟು?

ಏನೂ ಇಲ್ಲ. ಇಡ್ಲಿ, ಕಾಫಿ, ಎಳನೀರು ಅವರವರದ್ದು. ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ದುಡ್ಡು ಹೋಗುವುದಿಲ್ಲ.

ಅರ್ಧದಲ್ಲೇ ಸಾಕು ಅನ್ನಿಸಿದರೆ?

ಹೇಳಿ, ಅಷ್ಟೇ. ಆಲದ ಮರದಿಂದಲೇ ತಿರುಗಿದರೆ ಒಟ್ಟು 25, 28 ಕಿ.ಮೀ. ಆಗುತ್ತದೆ, ಮೊದಲ ಸಲಕ್ಕೆ ಅದೂ ಒಳ್ಳೆಯ ರೈಡೇ. ಎಷ್ಟೋ ಜನ ಎರಡು ತಿಂಗಳು ಅಲ್ಲಿಂದಲೇ ತಿರುಗಿ, ಮೂರನೇ ತಿಂಗಳು ಡ್ಯಾಮ್ ನೋಡಿದ್ದಾರೆ. ಒಬ್ಬರೇ ವಾಪಸ್ ಕಳಿಸುವುದಿಲ್ಲ, ದಾರಿ ಗೊತ್ತಿರುವ ಒಬ್ಬರು ಕೆಂಗೇರಿಯವರೆಗೆ ಬರುತ್ತಾರೆ. ಬಿಡದಿಯಲ್ಲಿ ಕಾಲು ಸೋತರೆ ಲಗೇಜ್ ಗಾಡಿ ಮಾಡಿಕೊಡುತ್ತೇವೆ. ಮನೆ ಸೇರಿದ ಮೇಲೆ ಒಂದು ಮೆಸೇಜ್ ಹಾಕಿ. ಬೆಳಿಗ್ಗೆ ಬಂದವರ ಹೆಸರೆಲ್ಲ ಸ್ವೀಪ್ ಹತ್ತಿರ ಚೀಟಿಯಲ್ಲಿ ಇರುತ್ತದೆ, ಆ ಮೆಸೇಜ್ ಬಂದ ಮೇಲೆಯೇ ನಿಮ್ಮ ಹೆಸರಿನ ಮುಂದೆ ಟಿಕ್ ಹಾಕುತ್ತಾರೆ.